ಅಣ್ಣ ಅಳಿಸದೆ ಬಿಟ್ಟ ಮಾತು

ನಮ್ಮಣ್ಣ ವಿರುಪಾಕ್ಷನ ಬಗ್ಗೆ ಮೆಲ್ಬರ್ನ್‌ನ ನಮ್ಮ ಜನ ಎರಡು ಮಾತು ಹೇಳುತ್ತಾರೆ. ಕೆಲವರು, ‘ಪಾಪ, ಅವನಿಗೆ ತಲೆ ಸರಿಯಿರಲಿಲ್ಲ, ಬಿಟ್ಟುಬಿಡಿ’ ಎನ್ನುತ್ತಾರೆ. ಇನ್ನು ಕೆಲವರು, ‘ರೋಗವೂ ಇಲ್ಲ ಗೀಗವೂ ಇಲ್ಲ, ಸೊಕ್ಕು. ಸಿಕ್ಕಿಬಿದ್ದ ಮೇಲೆ ನಾಟಕ’ ಎನ್ನುತ್ತಾರೆ. ಯಾವುದನ್ನು ಕೇಳಿದರೂ ನನಗೆ ಮೈ ಉರಿಯುತ್ತದೆ. ಅವನ ರೋಗ ನಿಜ. ನಾನು ಅದನ್ನು ಒಂದೇ ಸೂರಿನಡಿ ಇದ್ದು ಕಂಡವಳು. ಅವನು ಮಾಡಿದ್ದೂ ನಿಜ. ಅದನ್ನು ಲೀಶಾ ಅನುಭವಿಸಿದಳು. ಒಂದನ್ನು ಹಿಡಿದು ಇನ್ನೊಂದನ್ನು ಮುಚ್ಚಲು ಹೊರಟವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನಾವು ಬೆಳೆದದ್ದು ಧಾರವಾಡದ ಸಪ್ತಾಪುರದಲ್ಲಿ. ಅವ್ವ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು, ಬೆಳಿಗ್ಗೆಯೇ ಹೋಗಿಬಿಡುತ್ತಿದ್ದಳು; ನನಗೆ ಜಡೆ ಹಾಕುವ ಕೆಲಸ ಅಣ್ಣನದು. ಜಡೆ ಸೊಟ್ಟಗಾದರೆ, ‘ಹುಬ್ಬಳ್ಯಾಗ ಈಗ ಎಲ್ಲಾ ಹುಡಿಗ್ಯಾರೂ ಹಿಂಗ ಹಾಕೋತಾರ’ ಎಂದು ನಂಬಿಸುತ್ತಿದ್ದ. ಮಾತಿನ ಮಲ್ಲ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಆ ಮಾತು ನಿಲ್ಲದೇ ಹೋಯಿತು. ನಿದ್ದೆ ಬಿಟ್ಟ, ಊಟ ಬಿಟ್ಟ, ಧಾರವಾಡಕ್ಕೆ ಸಮುದ್ರ ತರುವ ಯೋಜನೆಯೊಂದನ್ನು ತಯಾರಿಸಿ ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಮುಂದೆ ನಿಂತು ಹೋಗುಬರುವವರಿಗೆಲ್ಲ ವಿವರಿಸಿದ. ಮನಸ್ಸಿನ ಕಾಯಿಲೆಗೆ ಸುತ್ತಲಿನ ಜಿಲ್ಲೆಗಳ ಜನರೆಲ್ಲ ಧಾರವಾಡದ ದೊಡ್ಡ ದವಾಖಾನೆಗೆ ಬರುತ್ತಾರೆ. ನಾವು ಅದೇ ಊರಿನಲ್ಲಿದ್ದೂ ಅಲ್ಲಿಗೆ ಹೋಗಲಿಲ್ಲ. ಯಾರಾದರೂ ನೋಡಿಯಾರು ಎಂದು ಹುಬ್ಬಳ್ಳಿಯ ಖಾಸಗಿ ಡಾಕ್ಟರ ಹತ್ತಿರ ಅವನನ್ನು ಕರೆದೊಯ್ದೆವು. ಓಣಿಯವರಿಗೆ ಅವ್ವ ಟೈಫಾಯ್ಡ್ ಎಂದಳು. ಡಾಕ್ಟರು ಬೈಪೋಲಾರ್ ಎಂದರು. ಗುಳಿಗೆ ಬರೆದುಕೊಟ್ಟು, ಇದನ್ನು ಯಾವ ಕಾರಣಕ್ಕೂ ನಿಮ್ಮಷ್ಟಕ್ಕೆ ನೀವೇ ಬಿಡಬಾರದು ಎಂದರು.

ಅದನ್ನು ಅವನು ಬಹಳ ವರ್ಷ ನಿಷ್ಠೆಯಿಂದ ಪಾಲಿಸಿದ. ಮೆಲ್ಬರ್ನ್‌ಗೆ ಬಂದ, ಅಲ್ಲಿಯ ನಗರಸಭೆಯಂಥ ಒಂದು ಕೌನ್ಸಿಲ್‌ನಲ್ಲಿ ಮಳೆನೀರಿನ ಚರಂಡಿಗಳ ವಿನ್ಯಾಸ ಮಾಡುವ ಕೆಲಸ ಹಿಡಿದ, ಊರಂಚಿನ ಟಾರ್ನೀಟ್‌ನಲ್ಲಿ ಮನೆ ಕಟ್ಟಿಸಿದ. ಹೆಂಡತಿಯಾಗಲಿದ್ದ ಸುಜಾತಾ ವೈನಿಗೆ ಮದುವೆಗೆ ಮೊದಲೇ ತನ್ನ ಕಾಯಿಲೆಯ ವಿಷಯ ತಾನೇ ಹೇಳಿದ್ದ. ಆ ಧೈರ್ಯ ಅವನಿಗಿತ್ತು, ಇಲ್ಲವೆನ್ನುವುದಿಲ್ಲ. ಅಲ್ಲಿಯ ಕನ್ನಡಿಗರ ಫೇಸ್‌ಬುಕ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ‘ಶರಣ್ರೀ’ ಎಂದು ಶುರುಮಾಡಿ ನಾಲ್ಕು ಸಾಲು ತಮಾಷೆ ಬರೆಯುತ್ತಿದ್ದ. ‘ಟಾರ್ನೀಟ್ ರೈಲಿನ್ಯಾಗ ಕೂಡ್ಲಿಕ್ಕೆ ಸೀಟು ಸಿಗೂದಂದ್ರ ಎರಡನೇ ಸಲ ಪಿಆರ್ ಸಿಕ್ಕಂಗ’ ಎಂದು, ಇಲ್ಲಿ ಕಾಯಂ ನೆಲೆಸಲು ಸಿಗುವ ಪರವಾನಗಿಗೆ ಹೋಲಿಸಿ, ಅವನು ಬರೆದದ್ದು ನಾನಿರುವ ಸಿಡ್ನಿಯವರೆಗೂ ಬಂದಿತ್ತು. ಅವನ ಸಾಲು ಓದದೆ ಚಹಾ ಕುಡಿಯುವುದಿಲ್ಲ ಎನ್ನುವವರಿದ್ದರು.

ನಾನು ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಒಂದು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಅಣ್ಣ ನುಂಗುವ ಗುಳಿಗೆಯನ್ನೇ ದಿನಾ ಯಾರಿಗಾದರೂ ಕೊಡುತ್ತೇನೆ. ಒಬ್ಬ ಟ್ಯಾಕ್ಸಿ ಓಡಿಸುವವ, ಒಬ್ಬಳು ಶಾಲೆಯ ಟೀಚರ್, ಮೊಮ್ಮಗನನ್ನು ಎತ್ತಿಕೊಂಡೇ ಬರುವ ಒಬ್ಬ ಅಜ್ಜಿ. ಹವಾಮಾನದ ಬಗ್ಗೆ ಎರಡು ಮಾತಾಡಿ, ಪೊಟ್ಟಣ ಚೀಲಕ್ಕೆ ಹಾಕಿಕೊಂಡು, ತಮ್ಮ ಕೆಲಸಕ್ಕೆ ಹೋಗುತ್ತಾರೆ. ‘ಹುಚ್ಚರ ಕೈಗೆ ಫೋನ್ ಕೊಟ್ರೆ ಇಷ್ಟೇ’ ಎಂದು ಆಮೇಲೆ ಯಾರೋ ಬರೆದಾಗ ನನಗೆ ನೆನಪಾದದ್ದು ಆ ಅಜ್ಜಿ.

ಇನ್ನು ಲೀಶಾ. ನನ್ನ ಮಗಳು ಹುಟ್ಟಿದಾಗ ನಾವು ಮೆಲ್ಬರ್ನ್‌ನಲ್ಲೇ ಇದ್ದೆವು. ಅವ್ವನ ವೀಸಾ ಬಂದಿರಲಿಲ್ಲ. ಎದೆಹಾಲು ಕಟ್ಟಿಕೊಂಡು ನಾನು ಅಳುತ್ತ ಕೂತಿದ್ದಾಗ, ಅಣ್ಣನ ಮನೆಯ ಹಿಂದಿನ ಬೀದಿಯಲ್ಲಿದ್ದ ಲೀಶಾ ಬಂದು ಬಿಸಿನೀರಿನ ಶಾಖ ಕೊಟ್ಟಳು. ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಮಂಗಳೂರಿನವಳು, ಮನೆಮಾತು ಕೊಂಕಣಿ. ಸರ್ಕಾರದ ಪರವಾನಗಿ ಪಡೆದು ತನ್ನ ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವ ಫ್ಯಾಮಿಲಿ ಡೇಕೇರ್ ನಡೆಸುತ್ತಿದ್ದಳು. ಆ ನಾಲ್ವರಲ್ಲಿ ಒಬ್ಬಳು ಅಣ್ಣನ ಮಗಳು. ಉಳಿದವರೂ ಕನ್ನಡದ ಮನೆಗಳ ಮಕ್ಕಳೇ. ನನ್ನ ಗಂಡ ಬದರಿನಾಥನ ಕೆಲಸ ಸಿಡ್ನಿಗೆ ಬದಲಾಗಿ ನಾವು ಅಲ್ಲಿಯ ಸ್ಕೋಫೀಲ್ಡ್ಸ್‌ಗೆ ಹೊರಟ ದಿನ ನನಗಿಂತ ಹೆಚ್ಚು ಅತ್ತವಳು ಲೀಶಾ.

ಎರಡು ಸಾವಿರದ ಹದಿನಾರರ ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ನಿರೂಪಿಸಲು ಅಣ್ಣನನ್ನು ಕರೆದರು. ಗುಳಿಗೆ ನುಂಗಿದರೆ ಕೈ ಸಣ್ಣಗೆ ನಡುಗುತ್ತದೆ, ನಾಲಗೆ ದಪ್ಪವಾಗುತ್ತದೆ, ಜೋಕು ಹೊಳೆಯುವುದಿಲ್ಲ ಎಂದು ಅವನಿಗನಿಸಿತು. ಬಿಟ್ಟ. ವೈನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ. ಕಾರ್ಯಕ್ರಮ ಭರ್ಜರಿಯಾಯಿತು. ಸಭಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿಸೆಂಬರ್ ಹೊತ್ತಿಗೆ ಅಣ್ಣ ನಿದ್ದೆ ಬಿಟ್ಟಿದ್ದ.

ಕ್ರಿಸ್‌ಮಸ್‌ಗೆ ಮೊದಲು ಲೀಶಾ ಎಲ್ಲ ಮಕ್ಕಳ ಕೈಯಲ್ಲೂ ಒಂದೊಂದು ಡಬ್ಬಿ ಕುಸ್ವಾರ್ ಕೊಟ್ಟು ಕಳಿಸಿದಳು. ಅವರ ಮನೆಯಲ್ಲಿ ಹಬ್ಬಕ್ಕೆ ಮಾಡಿ ಹಂಚುವ ತಿಂಡಿಗಳು: ನೇವರಿ ಎಂಬ ಕರ್ಜಿಕಾಯಿ, ಕುಲ್‌ಕುಲ್, ಎಳ್ಳುಂಡೆ. ಪ್ರತಿ ವರ್ಷ ಕೊಡುತ್ತಿದ್ದಳು. ಪ್ರತಿ ವರ್ಷ ಅಣ್ಣನೇ ಮೊದಲು ಡಬ್ಬಿ ಖಾಲಿ ಮಾಡುತ್ತಿದ್ದ. ಆ ವರ್ಷ ಆ ಡಬ್ಬಿಯ ಫೋಟೋ ತೆಗೆದು ಗುಂಪಿಗೆ ಹಾಕಿದ. ‘ನೇವರಿ ತಿನಿಸಿ ನಿಮ್ಮ ಮಕ್ಕಳನ್ನ ಮೊಣಕಾಲೂರಿಸ್ತಾಳ, ಊರದಿದ್ರ ಬಾಗಲಾ ಹಾಕಿ ಬಡೀತಾಳ’ ಎಂದು ಶುರುವಾಗಿತ್ತು. ಲೀಶಾಳ ಹೆಸರಿತ್ತು, ಬೀದಿಯ ಹೆಸರಿತ್ತು. ಅವಳ ಧರ್ಮದ ಬಗ್ಗೆ, ಅವಳ ಮೈಯ ಬಗ್ಗೆ ಮುಂದೆ ಬರೆದದ್ದನ್ನು ನಾನಿಲ್ಲಿ ಮತ್ತೆ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಹೆಚ್ಚಾಯಿತು. ಸಾಲುಸಾಲಿಗೆ ಪ್ರಾಸವಿತ್ತು. ಜನ ನಕ್ಕರು. ಹಲ್ಲು ಕಿರಿಯುವ ಹಳದಿ ಮುಖಗಳನ್ನು ಸಾಲಾಗಿ ಒತ್ತಿದರು. ‘ಸತ್ಯ ಹೇಳೋಕೆ ಗುಂಡಿಗೆ ಬೇಕು ಗುರುಗಳೇ’ ಎಂದು ಒಬ್ಬ ಬರೆದ. ಅಣ್ಣನ ರೋಗಕ್ಕಾದರೂ ಒಂದು ಹೆಸರಿದೆ. ಚೆನ್ನಾಗಿ ನಿದ್ದೆ ಮಾಡಿ ಎದ್ದು, ಹಲ್ಲುಜ್ಜಿ, ಕಾಫಿ ಕುಡಿಯುತ್ತ ಅದನ್ನು ಮೆಚ್ಚಿದವರಿಗೆ ಏನಾಗಿತ್ತು?

ಮಗಳಿಗೆ ತಿಂಡಿ ತಿನ್ನಿಸುತ್ತ ಅದನ್ನು ಓದಿದ ನಾನು ಅಣ್ಣನಿಗೆ ಫೋನ್ ಮಾಡಿದೆ. ‘ಐಶೂ! ಇಡೀ ಟಾರ್ನೀಟ್ ಎಚ್ಚರ ಆಗೇತಿ, ನಾಳೆ ಪಾರ್ಲಿಮೆಂಟಿನ್ಯಾಗ ಮಾತಾಡಬೇಕಾಗೇತಿ ನಾ’ ಎಂದ. ದನಿ ಕೇಳಿದ ತಕ್ಷಣ ಗೊತ್ತಾಯಿತು. ಫೋನಿಟ್ಟು ವೈನಿಗೆ ಮಾಡಿ ಆಂಬ್ಯುಲೆನ್ಸ್ ಕರೆಯಲು ಹೇಳಿದೆ. ಆವತ್ತೇ ಅವನು ಆಸ್ಪತ್ರೆ ಸೇರಿದ. ಆಮೇಲೆ ಲೀಶಾಗೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

“ಅವರಿಗೆ ಹುಷಾರಿಲ್ಲ ಅಲ್ವಾ ಐಶೂ? ನನಗೆ ಓದುವಾಗಲೇ ಗೊತ್ತಾಯ್ತು. ಮೊದಲು ಗುಣ ಆಗ್ಲಿ ಮಾರಾಯ್ತಿ. ಗುಣ ಆದ್ಮೇಲೆ ಅವರೇ ತೆಗೀತಾರೆ.”

ಲೀಶಾ ಕಾದಳು. ಅಷ್ಟರಲ್ಲಿ ಯಾರೋ ಅವಳ ಮೇಲೆ ದೂರು ಕೊಟ್ಟರು. ಅಧಿಕಾರಿಗಳು ತಪಾಸಣೆಗೆ ಬಂದರು. ಮನೆಯೆಲ್ಲ ನೋಡಿದರು, ತಪ್ಪೇನೂ ಸಿಗಲಿಲ್ಲ. ಆದರೆ ಅವರ ಕಾರು ಮನೆ ಮುಂದೆ ನಿಂತದ್ದನ್ನು ಬೀದಿಯೆಲ್ಲ ನೋಡಿತ್ತು. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡರು. ಅಣ್ಣನ ಮಗಳನ್ನೂ ಬಿಡಿಸಿದರು. ವೈನಿಗೆ ಲೀಶಾಳ ಮುಖ ನೋಡಲು ನಾಚಿಕೆಯಂತೆ. ಪಾತ್ರೆ ತೊಳೆಯುವಾಗಲೂ ಹಾಡಿಕೊಳ್ಳುತ್ತಿದ್ದ ಲೀಶಾ ಫೋನಿನಲ್ಲಿ ‘ಹ್ಞೂಂ, ಹ್ಞೂಂ’ ಎನ್ನುವಷ್ಟಕ್ಕೆ ಬಂದು ನಿಂತಳು.

ಜನವರಿಯಲ್ಲಿ ಅಣ್ಣ ಮನೆಗೆ ಬಂದ. ಫೆಬ್ರವರಿಯಲ್ಲಿ ಕೆಲಸಕ್ಕೂ ಹೋದ. ಏಪ್ರಿಲ್ ಬಂದರೂ ಅವನು ಬರೆದದ್ದು ಗುಂಪಿನಲ್ಲಿ ಹಾಗೇ ಇತ್ತು. ಆ ಬಗ್ಗೆ ಕೇಳಲು ನಾನು ಅವನ ನಂಬರಿಗೆ ಮಾಡಿದಾಗಲೆಲ್ಲ ವೈನಿಯೇ ಎತ್ತಿ, ‘ಈಗ ಅದನ್ನ ನೆನಪು ಮಾಡಬ್ಯಾಡ್ರಿ, ಮತ್ತ ತಲಿ ಕೆಟ್ಟೀತು’ ಎಂದು ಅವನಿಗೆ ಫೋನ್ ಕೊಡದೆ ಇಟ್ಟುಬಿಡುತ್ತಿದ್ದರು. ಗುಂಪು ನೋಡಿಕೊಳ್ಳುತ್ತಿದ್ದ ಅಡಿವೆಪ್ಪ ಕಾಕಾಗೂ ಫೋನ್ ಮಾಡಿದೆ. ಬೆಳಗಾವಿ ಕಡೆಯವರು, ಅಲ್ಲಿಯ ಕನ್ನಡ ಸಂಘದ ಹಿರಿಯರು. ‘ನಾ ತಗದ್ರ ಒಂದು ಪಕ್ಷಾ ಹಿಡದಂಗ ಆಕ್ಕೈತವಾ’ ಎಂದರು. ಒಬ್ಬ ಹೆಂಗಸಿನ ಹೆಸರನ್ನು ಬೀದಿಗೆ ಎಳೆದು ಹಾಗೇ ಬಿಡುವುದು ಯಾವ ಪಕ್ಷವೂ ಅಲ್ಲ ಇವರ ಲೆಕ್ಕದಲ್ಲಿ.

ಈಸ್ಟರ್ ರಜೆಗೆ ನಾನು ಮಗಳನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋದೆ. ಶುಕ್ರವಾರ ಬೆಳಿಗ್ಗೆ ಅಣ್ಣನ ಮನೆ ಮುಟ್ಟಿದಾಗ ಅವ್ವ ಚನ್ನಕ್ಕ, ಈಗ ವೀಸಾ ಸಿಕ್ಕಿ ಮಗನ ಜೊತೆ ಇದ್ದವಳು, ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ವೈನಿ ತಟ್ಟೆಯಲ್ಲಿ ಕುಬಸದ ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನ-ಕುಂಕುಮ ಜೋಡಿಸುತ್ತಿದ್ದರು. ಸೋಫಾದ ಮೇಲೆ ಅಡಿವೆಪ್ಪ ಕಾಕಾ ಅವಲಕ್ಕಿ ತಿನ್ನುತ್ತಿದ್ದರು.

“ಏನಿದು?” ಎಂದೆ.

“ಲೀಶಾನ ಉಡಿ ತುಂಬಿ ಬರತೀವಿ” ಎಂದಳು ಅವ್ವ. “ಹೆಣ್ಣಮಕ್ಕಳ ಮನಸ್ಸು ನೊಂದದ. ಮುತ್ತೈದೇರು ಹೋಗಿ ಉಡಿ ತುಂಬಿದ್ರ ಮುಗೀತು. ನಮ್ಮಲ್ಲೆ ಹಿಂದಿನಿಂದ ಹಂಗ ನಡಕೊಂಡು ಬಂದದ.”

“ನಾ ಇವರಿಗೆ ಬ್ಯಾರೇದ ಹೇಳಿದ್ದೆ” ಎಂದರು ಕಾಕಾ. “ಅಕೌಂಟ್ ಹ್ಯಾಕ್ ಆಗಿತ್ತು ಅಂತ ಎರಡು ಸಾಲು ಹಾಕಿಬಿಡ್ರಿ. ಯಾರಿಗೂ ನೋವಿಲ್ಲ. ಈಗ ಎಲ್ಲಾರದೂ ಹ್ಯಾಕ್ ಆಕ್ಕಾವು.”

“ಅಣ್ಣ ಎಲ್ಲಿದ್ದಾನ?”

“ಹಿತ್ತಲದಾಗ ಗಿಡಕ್ಕ ನೀರು ಹಾಕಾಕತ್ತಾನ. ಅವಂಗ ಏನೂ ಹೇಳಬ್ಯಾಡ” ಎಂದಳು ಅವ್ವ.

“ಅವ್ವಾ, ಇವತ್ತು ಗುಡ್ ಫ್ರೈಡೇ. ಅವರಿಗೆ ಇದು ದುಃಖದ ದಿನ. ಉಪವಾಸ ಇರತಾರ, ಹೂವು ಸೈತ ಇಡೂದಿಲ್ಲ. ಇವತ್ತು ಖಣ, ಕಾಯಿ ತಗೊಂಡು ಹೋಗ್ತೀ?”

“ಶುಕ್ರವಾರಕ್ಕಿಂತ ಛಲೋ ದಿನ ಯಾವದದ? ರಜಾನೂ ಅದ” ಎಂದು ಅವ್ವ ಚಪ್ಪಲಿ ಮೆಟ್ಟಿದಳು. ತಡೆದರೆ ನಿಲ್ಲುವ ಹೆಂಗಸಲ್ಲ ಅವಳು. ಇನ್ನಷ್ಟು ಕೆಡುವುದನ್ನಾದರೂ ತಪ್ಪಿಸೋಣವೆಂದು ನಾನೂ ಮಗಳೊಂದಿಗೆ ಹೋದೆ.

ಬಾಗಿಲು ತೆರೆದವನು ಲೀಶಾಳ ಗಂಡ ಯುಸ್ಟೇಸ್. ಕಪ್ಪು ಅಂಗಿ ತೊಟ್ಟು ಚರ್ಚಿಗೆ ಹೊರಟಂತಿದ್ದ. ತಟ್ಟೆ ನೋಡಿ ಪಕ್ಕಕ್ಕೆ ಸರಿದ. ಒಳಗೆ ಲೀಶಾ ಊಟದ ಮೇಜಿನ ಹತ್ತಿರ ನಿಂತಿದ್ದಳು, ಮುಂದೆ ಗಂಜಿಯ ಬಟ್ಟಲು. ಮೂಲೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿಟ್ಟಿದ್ದರು.

ಅವ್ವ ಕುಂಕುಮದ ಬಟ್ಟಲು ಹಿಡಿದು ಮುಂದೆ ಹೋದಳು. “ಸೆರಗು ಇಲ್ಲಂದ್ರ ಒಂದು ಟಾವೆಲ್ ಆದ್ರೂ ಒಡ್ಡು ಮಗಳ. ಆದದ್ದು ಆಗಿ ಹೋತು.”

ಲೀಶಾ ಹಿಂದೆ ಸರಿಯಲಿಲ್ಲ. ಕೈಯನ್ನೂ ಚಾಚಲಿಲ್ಲ.

“ಆಂಟಿ, ನಿಮ್ಮ ಕೈಯ ಅಕ್ಕಿ ನನಗೆ ಬೇಡಾಂತ ಇಲ್ಲ. ಆದ್ರೆ ಒಂದು ಕೇಳ್ತೇನೆ. ನಾನು ಮಕ್ಕಳ ಧರ್ಮ ಕೆಡಿಸ್ತೇನೆ ಅಂತ ನಿಮ್ಮ ಮಗ ಬರ್ದದ್ದು. ಈಗ ನೀವು ನನ್ನ ಹಣೆಗೆ ಕುಂಕುಮ ಇಡ್ಲಿಕ್ಕೆ ಬಂದಿದ್ದೀರಿ, ಅದೂ ಇವತ್ತು. ನಾನು ಬೇಡ ಅಂದ್ರೆ ನಾಳೆ ಎಂತ ಬರೀತೀರಿ? ಸೊಕ್ಕಿನವಳು, ಮುತ್ತೈದೆಯರನ್ನು ಹೊರಗೆ ಹಾಕಿದ್ಳು ಅಂತ ಬರೀತೀರಾ?”

“ಅವಂಗ ಆರಾಮಿರಲಿಲ್ಲವಾ…” ಎಂದರು ವೈನಿ.

“ಗೊತ್ತುಂಟು ಸುಜಾತಾ. ನಾನು ದಿನಾ ಪ್ರಾರ್ಥನೆ ಮಾಡ್ತಿದ್ದೆ ಅವರಿಗೆ. ಆದ್ರೆ ಹುಷಾರಾದ್ಮೇಲೆ ಅವರು ಒಂದು ಹೊಸ ಫೋಟೋ ಹಾಕಿದ್ರಲ್ಲ? ಹಿತ್ತಲಲ್ಲಿ ಬೆಳೆದ ಟೊಮೆಟೊದ್ದು. ಎಲ್ರೂ ವೆಲ್‌ಕಮ್ ಬ್ಯಾಕ್ ಅಂದ್ರು. ಅದರ ಕೆಳಗೆ ಬೆರಳು ಎಳೆದ್ರೆ ನಾನು. ಟೊಮೆಟೊ ಹಾಕ್ಲಿಕ್ಕೆ ಆಗುವವರಿಗೆ ನನ್ನನ್ನು ತೆಗೀಲಿಕ್ಕೆ ಆಗುದಿಲ್ವಾ?”

ಲೀಶಾ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಬರೆದವರು ಅವರು. ಮಾತಾಡ್ಲಿಕ್ಕೆ ನೀವು ಹೆಂಗಸರು ಬರುದು. ಹೋಗಿ ಆಂಟಿ, ನಮಗೆ ಚರ್ಚಿಗೆ ತಡ ಆಯ್ತು.”

ದಾರಿಯುದ್ದಕ್ಕೂ ಅವ್ವ, ‘ಉಡಿ ತುಂಬಾಕ ಬಂದವರನ್ನ ಹೊಳ್ಳಿ ಕಳಿಸಿದಳು’ ಎಂದು ಗೊಣಗುತ್ತ ಬಂದಳು. ಮನೆಗೆ ಬಂದವಳೇ ಮಗಳನ್ನು ವೈನಿಯ ಕೈಗಿತ್ತು ನೇರ ಹಿತ್ತಲಿಗೆ ಹೋದೆ. ಅವ್ವ ಹಿಂದಿನಿಂದ ‘ಬ್ಯಾಡ, ಐಶೂ, ಬ್ಯಾಡ’ ಎನ್ನುತ್ತಲೇ ಇದ್ದಳು.

ಅಣ್ಣ ದಪ್ಪಗಾಗಿದ್ದ. ಕೈಯಲ್ಲಿ ನೀರಿನ ಪೈಪು. ನನ್ನನ್ನು ನೋಡಿ ಮುಖ ಅರಳಿಸಿ, “ಏನವಾ ಸಿಡ್ನಿ ಮೇಡಂ, ನಿಮ್ಮ ಹಾರ್ಬರ್ ಬ್ರಿಡ್ಜ್ ಆರಾಮೈತಿಲ್ಲೋ?” ಎಂದ.

“ಪೈಪು ಬಂದ್ ಮಾಡು. ನೀ ಬರದದ್ದು ನಿನಗ ನೆನಪೈತಿ?”

ಅವನು ನಳ ನಿಲ್ಲಿಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

“ಬರದದ್ದು ಅರ್ಧಮರ್ಧ. ಬರಿಯೂ ಹೊತ್ತಿನ್ಯಾಗ ಅಲ್ಲಿ ನಾ ಇದ್ನೋ ಇಲ್ಲೋ, ದೇವರಾಣೆ ನನಗ ಗೊತ್ತಿಲ್ಲ ಐಶೂ.”

“ಅದನ್ನ ನಾ ಕೇಳಾಕತ್ತಿಲ್ಲ. ದವಾಖಾನಿಯಿಂದ ಬಂದ ಮ್ಯಾಲೆ ಓದಿದಿ?”

“ಓದಿದೆ.”

“ಓದೂವಾಗ ಯಾರಿದ್ರು?”

ಕೈಯಲ್ಲಿದ್ದ ಪೈಪು ಕೆಳಗಿಟ್ಟ. “ನಾನ ಇದ್ದೆ” ಎಂದ.

“ಮತ್ಯಾಕ ತಗೀಲಿಲ್ಲ?”

“ತಗದ್ರ ಮಂದಿಗೆ ಮತ್ತ ನೆನಪಾಕ್ಕೈತಿ ಅಂತ. ತಾನ ಕೆಳಗ ಹೋಗ್ತದ, ಮುಳಗ್ತದ ಅಂತ.” ಕಣ್ಣು ತಪ್ಪಿಸಿದ. “ಖರೇ ಹೇಳ್ಲಿ? ಆ ಲೈಕು ನೋಡಿದೆ. ಅಷ್ಟು ಲೈಕು ನನಗ ಯಾವಾಗೂ ಬಂದಿರಲಿಲ್ಲ. ಗುಳಿಗಿ ತಗೊಂಡು ಕಲ್ಲಿನಂಗ ಕೂತಿದ್ದೆ. ಒಂದ್ ಕ್ಷಣ… ಛಲೋ ಅನಿಸ್ತು.”

ಅವನನ್ನು ಹೊಡೆಯಬೇಕೆನಿಸಿತು. ನನಗೆ ಜಡೆ ಹಾಕಿದ ಕೈಗಳನ್ನು ನೋಡುತ್ತಲೇ ಹಾಗನಿಸಿತು.

“ಅಕಿ ನನ್ನ ಕೂಸಿಗೆ ಎರದಾಕಿ ಅಣ್ಣಾ. ನಿನ್ನ ಮಗಳ ಮೂಗು ಒರಸಿದಾಕಿ. ರೋಗ ನಿನಗ ಬಂದದ್ದು. ಅದಕ್ಕ ನಾನೂ ಅತ್ತೇನಿ. ಆದ್ರ ಗುಳಿಗಿ ಬಿಟ್ಟಾವ ನೀನು. ಶಾಣ್ಯಾ ಆಗಿ ಬಂದು, ಓದಿ, ಹಂಗ ಬಿಟ್ಟಾವ ನೀನು. ಅದಕ್ಕ ಯಾವ ಡಾಕ್ಟರ್ ಚೀಟಿ ಕೊಡ್ತಾನ ಹೇಳು.”

ಬಾಗಿಲಲ್ಲಿ ನಿಂತಿದ್ದ ಅವ್ವ, “ಸಾಕು ಮಾಡ, ಅವಂಗೇನರ ಆದ್ರ?” ಎಂದಳು.

“ಏನೂ ಆಗಂಗಿಲ್ಲ ಅವ್ವಾ” ಎಂದವನು ಅಣ್ಣನೇ. “ಇಷ್ಟು ತಿಂಗಳಾತು, ಒಬ್ಬರಾದ್ರೂ ನನ್ನ ಮನಶ್ಯಾನಂಗ ಬೈದದ್ದು ಇವತ್ತು.”

ಆ ಸಂಜೆ ಅವನು ಹಳೆಯದನ್ನು ತೆಗೆದುಹಾಕಿ ಹೊಸದೊಂದು ಬರೆದ. ನಾನು ಮಗಳಿಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಗುಂಪಿಗೂ ಹಾಕಿಬಿಟ್ಟಿದ್ದ. ಉದ್ದವಾಗಿತ್ತು. ಧಾರವಾಡದಲ್ಲಿ ಕಾಯಿಲೆ ಶುರುವಾದದ್ದು, ಮುಚ್ಚಿಟ್ಟದ್ದು, ಗುಳಿಗೆ, ಆಸ್ಪತ್ರೆಯ ಕಿಟಕಿ. ಎಲ್ಲ ನಿಜ, ಎಲ್ಲ ಚೆನ್ನಾಗಿತ್ತು. ಕೊನೆಯಲ್ಲಿ, ‘ಆ ಸಮಯದಲ್ಲಿ ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ’ ಎಂದಿತ್ತು. ಯಾರಿಗಾದರೂ ಅಂತೆ. ಬೈಯುವಾಗ ಬೀದಿಯ ಹೆಸರೂ ನೆನಪಿತ್ತು. ಕ್ಷಮೆ ಕೇಳುವಾಗ ಅವಳ ಹೆಸರೂ ಬರಲಿಲ್ಲ!

ಬೆಳಗಾಗುವಷ್ಟರಲ್ಲಿ ಗುಂಪಿನ ತುಂಬ ಕೆಂಪು ಹೃದಯಗಳು. ‘ಹ್ಯಾಟ್ಸ್ ಆಫ್’, ‘ಕಣ್ಣಲ್ಲಿ ನೀರು ಬಂತು’, ‘ನೀವೇ ನಮಗೆ ಸ್ಫೂರ್ತಿ’. ಡಿಸೆಂಬರ್‌ನಲ್ಲಿ ಹಲ್ಲು ಕಿರಿದವರೇ ಈಗ ಕೈ ಮುಗಿಯುತ್ತಿದ್ದರು. ಇದರ ನಡುವೆ ಲೀಶಾ ಎಂಬವಳೊಬ್ಬಳಿದ್ದಳೆಂಬುದು ಯಾರಿಗೂ ಬೇಕಿರಲಿಲ್ಲ. ಅಡಿವೆಪ್ಪ ಕಾಕಾ ಫೋನ್ ಮಾಡಿದರು. ಅಣ್ಣ ಸ್ಪೀಕರ್‌ಗೆ ಹಾಕಿದ.

“ಭೇಷ್ ವಿರುಪಾಕ್ಷ! ಬಸವ ಜಯಂತಿಗೆ ಮನಸ್ಸಿನ ಆರೋಗ್ಯದ ಮ್ಯಾಲೆ ನೀನ ಭಾಷಣಾ ಮಾಡಬೇಕು. ಶಾಲು ಹೊದಿಸಿ ಒಂದು ಸನ್ಮಾನ ಇಟಗೊಳ್ಳೂಣು.”

ಅವ್ವನ ಮುಖದಲ್ಲಿ ತಿಂಗಳುಗಳ ಮೇಲೆ ನಗು ಕಂಡಿತು. ನಾನು ಫೋನ್ ಕಿತ್ತುಕೊಂಡೆ.

“ಕಾಕಾ, ಲೀಶಾಗೂ ಒಂದು ಶಾಲು ತಂದೀರೇನ್ರಿ? ಬಾಜೂಕ ಕುಂಡ್ರಸ್ರಿ. ಬೈದವಗ ಒಂದು, ಬೈಸಿಕೊಂಡಾಕಿಗೆ ಒಂದು.”

“ಏನವಾ ನೀನು, ಎಲ್ಲಾ ಸುಸೂತ್ರ ಆಗೂ ಹೊತ್ತಿಗೆ…”

“ಯಾರಿಗೆ ಸುಸೂತ್ರ?” ಎಂದು ಕಟ್ ಮಾಡಿದೆ. ಅಣ್ಣನ ಕಡೆ ತಿರುಗಿದೆ. “ಸನ್ಮಾನಕ್ಕ ಹೋಗಾಂವೇನು?”

“ಹುಚ್ಚು ನನಗ ಹಿಡದಿತ್ತು. ಈ ಕಾಕಾಗ ಏನು ಹಿಡದೈತಿ?” ಎಂದ. ಎಷ್ಟೋ ಕಾಲದ ಮೇಲೆ ಅವನ ಹಳೆಯ ದನಿ. ಆದರೆ ನಾನು ನಗಲಿಲ್ಲ. ಅವನು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದ. “ಏನು ಮಾಡ್ಲಿ ಹೇಳು.”

“ಮಕ್ಕಳನ್ನ ಬಿಡಿಸಿಕೊಂಡವರ ಮನಿ ನಿನಗ ಗೊತ್ತದಾವು. ಹೋಗು. ಹೆಸರು ಹಿಡದು ಹೇಳು. ಒಳಗ ಕುಂತು ಚಹಾ ಕುಡಿಯಾಕ ಹೋಗಬ್ಯಾಡ.”

ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಬೂಟು ಹಾಕಿಕೊಂಡ. ಹೊಸ ಗುಳಿಗೆಯ ಡೋಸು ಇನ್ನೂ ಹೊಂದಾಣಿಕೆಯಾಗದೆ ಮಂಪರಿರುತ್ತಿದ್ದುದರಿಂದ ನಾನೇ ಕಾರು ಓಡಿಸಿದೆ. ಮಗಳು ಹಿಂದಿನ ಸೀಟಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಳು. ಮೊದಲ ಮನೆಯ ಮುಂದೆ ನಿಲ್ಲಿಸಿ ಗಾಜು ಇಳಿಸಿದೆ. ಬಾಗಿಲು ತೆರೆದ ತ್ರಿವಿಕ್ರಮ ಎಂಬಾತ ಅಣ್ಣನನ್ನು ಅಪ್ಪಿಕೊಳ್ಳಲು ಬಂದ.

“ಸಾರ್, ಏನ್ ಬರ್ದಿದೀರಾ ಸಾರ್! ನಮ್ಮಿಬ್ರಿಗೂ ಅಳು ಬಂದ್ಬಿಡ್ತು. ಬನ್ನಿ ಬನ್ನಿ, ಕಾಫಿ…”

ಅಣ್ಣ ಮೆಟ್ಟಿಲ ಮೇಲೆಯೇ ನಿಂತ. “ಕಾಫಿ ಬ್ಯಾಡ್ರಿ. ಲೀಶಾ ಅವರ ಬಗ್ಗೆ ಡಿಸೆಂಬರ್‌ದಾಗ ನಾ ಬರದದ್ದು ಸುಳ್ಳು. ಅವರು ಯಾವ ಕೂಸಿನ ಮ್ಯಾಲೂ ಕೈ ಮಾಡಿದವರಲ್ಲ. ನನ್ನ ಮಗಳು ಅಲ್ಲೇ ಬೆಳದಾಳ, ನನಗ ಗೊತ್ತಿತ್ತು. ಗೊತ್ತಿದ್ದೂ ಅಳಸಲಿಲ್ಲ. ಅದನ್ನ ಹೇಳಾಕ ಬಂದೆ.”

“ಅಯ್ಯೋ ಬಿಡಿ ಸಾರ್, ನಿಮಗೆ ಹುಷಾರಿರ್ಲಿಲ್ಲ…”

“ಅಳಸದ ಇದ್ದಾಗ ಹುಷಾರಿದ್ದೆ.”

ತ್ರಿವಿಕ್ರಮ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವನ ಮಗ ಆಗಲೇ ಬೇರೆ ಚೈಲ್ಡ್‌ಕೇರ್‌ಗೆ ಹೊಂದಿಕೊಂಡಿದ್ದನಂತೆ. ಮತ್ತೆ ಲೀಶಾಳ ಹತ್ತಿರ ಕಳಿಸುವುದನ್ನು ‘ನೋಡೋಣ’ ಎಂದ. ನೋಡೋಣ ಎಂದರೆ ಇಲ್ಲವೆಂದು ಅರ್ಥ. ಅದು ಮೂವರಿಗೂ ಗೊತ್ತು.

ಎರಡನೆಯ ಮನೆಯ ಅನಸೂಯಾ ಕಾಫಿಗೆ ಕರೆಯಲಿಲ್ಲ. ಅಣ್ಣ ಹೇಳಿದ್ದನ್ನೆಲ್ಲ ಕೇಳಿ, ಕೆಳದನಿಯಲ್ಲಿ ಶುರುಮಾಡಿದವಳು ಬೀದಿಗೆ ಕೇಳುವಂತೆ ಕೂಗಿದಳು.

“ನಿಮ್ಮ ಮಾತು ನಂಬ್ಕೊಂಡು ಆಫೀಸಿಂದ ಓಡಿ ಬಂದು ಮಗೂನ ಕಿತ್ಕೊಂಡ್ ಬಂದೆ ಕಣ್ರೀ! ಅವಳು ನನ್ನ ಮಗುಗೆ ಶೂ ಹಾಕ್ತಾ ಕೂತಿದ್ಲು. ಒಂದು ಲೇಸ್ ಕಟ್ಟೋಕೂ ಬಿಡ್ಲಿಲ್ಲ ನಾನು. ಈಗ ಅವಳ ಮುಖ ಹೆಂಗ್ರೀ ನೋಡ್ಲಿ? ನಿಮ್ಮದು ಕಾಯಿಲೆ, ಸರಿ. ನಂದೇನು ಅಂತ ಬರೀತೀರಾ?”

“ಬೈರಿ” ಎಂದ ಅಣ್ಣ. “ಪೂರಾ ಬೈರಿ.”

ಅವಳು ಬಾಗಿಲು ಬಡಿದಳು. ಅಣ್ಣ ಕಾರಿಗೆ ಬಂದು ಕೂತ. ಮಗಳು ಹಿಂದಿನಿಂದ, “ಮಾಮಾ, ಆರ್ ಯೂ ಇನ್ ಟ್ರಬಲ್?” ಎಂದು ಕೇಳಿದಳು. “ಹೌದವಾ, ಭಾಳ” ಎಂದ.

ಮೂರನೆಯ ಮನೆಯವರು ರಜೆಗೆ ಊರಿಗೆ ಹೋಗಿದ್ದರು. ಮನೆಗೆ ಬಂದು ಅಣ್ಣ ಗುಂಪಿನಲ್ಲಿ ಮತ್ತೆ ಬರೆದ. ಈ ಸಲ ನಾಲ್ಕೇ ಸಾಲು. ಮೊದಲ ಪದವೇ ಲೀಶಾ. ತನ್ನ ಕಾಯಿಲೆಯ ಸುದ್ದಿಯೇ ಇಲ್ಲ. ಅದಕ್ಕೆ ಬಂದ ಹೃದಯಗಳು ಬಹಳ ಕಡಿಮೆ. ಅಳುವವರಿಗೆ ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ವಾರ ಅವನು ವೈನಿಯನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗಿ, ನಿದ್ದೆ ಕಡಿಮೆಯಾದ ದಿನವೇ ಫೋನ್ ವೈನಿಯ ಕೈಗೆ ಎಂದು ಅವರೆದುರೇ ಒಪ್ಪಿಕೊಂಡ. ‘ಆಗ ನಾ ಕೊಡೂದಿಲ್ಲ ಅಂತೀನಿ, ಬೈತೀನಿ. ಆದ್ರೂ ಕಸಗೋ’ ಎಂದನಂತೆ. ಇದನ್ನು ಕೇಳಿದಾಗ ನನ್ನ ಸಿಟ್ಟು ಒಂದು ತೂಕ ಇಳಿಯಿತು. ಒಂದೇ ತೂಕ.

ಮೇ ತಿಂಗಳಲ್ಲಿ ಅನಸೂಯಾ ಮಗುವನ್ನು ಲೀಶಾಳ ಹತ್ತಿರ ಮತ್ತೆ ಬಿಟ್ಟಳು. ಅಣ್ಣನ ಮಗಳನ್ನು ಕಳಿಸಬಹುದೇ ಎಂದು ವೈನಿ ಕೇಳಿದಾಗ, ‘ಮಗು ಬರ್ಲಿ, ಅದು ಎಂತ ಮಾಡಿದೆ’ ಎಂದಳಂತೆ ಲೀಶಾ. ಎರಡೇ ಮಕ್ಕಳಿಂದ ಮನೆ ನಡೆಯುವುದಿಲ್ಲ. ಸಂಜೆ ಹೊತ್ತು ವೃದ್ಧರ ಆರೈಕೆಯ ಕೆಲಸಕ್ಕೂ ಹೋಗತೊಡಗಿದಳು. ನಾನು ಫೋನ್ ಮಾಡಿದಾಗ ಅವಳು ಒಂದು ಮಾತು ಹೇಳಿದಳು. “ನಿನ್ನ ಅಣ್ಣ ಚೆನ್ನಾಗಿರ್ಲಿ ಐಶೂ. ನಿಜವಾಗಿ ಹೇಳುದು. ಮಗುವನ್ನು ಬಿಡ್ಲಿಕ್ಕೆ ಸುಜಾತಾ ಬರ್ಲಿ, ಅವರು ಬರುದು ಬೇಡ. ಅಂಗಡಿಯಲ್ಲಿ ಕಂಡ್ರೆ ನಾನು ಮಾತಾಡುದಿಲ್ಲ. ಮಾತಾಡು ಅಂತ ನೀನೂ ಹೇಳ್ಬೇಡ.”

“ಹೇಳೂದಿಲ್ಲ” ಎಂದೆ.

ಅದೇ ವಾರ ಅವ್ವ ಫೋನ್ ಮಾಡಿ ಅತ್ತಳು. “ಅಂವ ಮನಿ ಮನಿಗೆ ಹೋಗಿ ಬೈಸಿಕೊಂಡು ಬಂದ. ಇನ್ನೂ ಎಷ್ಟು ಬಾಗಬೇಕು? ನಿನ್ನ ಮಾತು ಕೇಳ್ತಾಳ ಲೀಶಾ, ನೀ ಒಂದು ಮಾತು ಹೇಳು. ಎದುರಿಗೆ ಬಂದ್ರ ಮುಖಾ ತಿರಿವ್ಯಾಳಂತ. ಅವನ ಮನಸ್ಸಿಗೆ ಹತ್ತಿದ್ರ ಏನು ಗತಿ?”

“ಅವ್ವಾ, ಅಕಿ ಮುಖಾ ಅಕೀದು” ಎಂದೆ. “ಎತ್ತಾಗ ಬೇಕಾದ್ರೂ ತಿರವ್ತಾಳ. ಅದನ್ನ ಕೇಳಾಕ ನಾವ್ಯಾರು?”

ಅವ್ವ ಮತ್ತೇನೋ ಹೇಳಲು ಹೊರಟಳು. ಹಿಂದಿನಿಂದ ಅಣ್ಣನ ದನಿ ಬಂತು, ನಿಧಾನ, ದಪ್ಪ, ಗುಳಿಗೆ ನುಂಗಿದ ದನಿ:

“ಫೋನ್ ಇಡು ಅವ್ವಾ. ಐಶೂನ್ನ ಕಾಡಬ್ಯಾಡ. ಲೀಶಾ ನನ್ನ ಜೋಡಿ ಮಾತಾಡದಿದ್ರೂ ನಾ ಗುಳಿಗಿ ತಗೋತೀನಿ.”